ತಂತಿಯೂ ಬೆರಳೂ

ಕಳೆದ ಸಂಚಿಕೆಯಲ್ಲಿ ಹಾರ್ಮೋನಿಯಮ್ಮಿನ ತಿದಿಯನ್ನು ಕುರಿತು ಬರೆಯುತ್ತ, ತಂತೀವಾದ್ಯಗಳ ವಿಚಾರವನ್ನು ಮುಂದಿನ ತಿಂಗಳು ಹೇಳುವೆವೆಂದು ವಾಚಕರಿಗೆ ಮಾತು ಕೊಟ್ಟಿದ್ದೆವಷ್ಟೆ. ಮಾತು ಕೊಡುವಾಗ ನಮ್ಮ ಮನಸ್ಸಿನಲ್ಲಿದ್ದುದು ವೀಣೆ. ಬರೆಯಲು ಕುಳಿತಿರುವ ಈ ಹೊತ್ತು ನಮ್ಮೆದುರಿಗೆ ಗೋಡೆಗೆ ಒರಗಿರುವುದು ಗಿಟಾರು. ಸಂಸ್ಕೃತವನ್ನು ಓದಿಕೊಂಡ ಮುದುಕನಿಗೆ ಗಿಟಾರಿನ ಗೊಡವೆ ಏತಕ್ಕೆಂದು ನಗುವವರು ನಗಲಿ. ಈಗ ನಮ್ಮ ಊರುಗಳ ಮನೆಮನೆಗೆ ಬರುತ್ತಿರುವ ತಂತೀವಾದ್ಯಗಳು ಗಿಟಾರು, ಯುಕುಲೇಲಿ ಎಂಬ ಇವೆರಡೇ. ಮನೆಗೆ ಬಂದುದನ್ನು ತಿಳಿದುಕೊಳ್ಳುವುದು ಗೃಹಸ್ಥನ ಧರ್ಮ.

ನಮ್ಮ ಮನೆಗೆ ಅದು ಬಂದ ಬಗೆಯನ್ನು ಮೊದಲು ಹೇಳಬೇಕು. ಬೇಸಗೆಯ ರಜೆಗೆಂದು ಹುಬ್ಬಳ್ಳಿಯಿಂದ ಹದಿಮೂರು ವರ್ಷದ ನಮ್ಮ ಮೊಮ್ಮಗನು ಮರಳಿಗೆ ಬಂದಾಗ ಅವನ ಬೆನ್ನಮೇಲೆ ಕರಿಯ ಚೀಲವೊಂದಿದ್ದಿತು. ಅದರಲ್ಲಿ, ಅವನ ತಂದೆಯು ನಗರದ ಅಂಗಡಿಯೊಂದರಲ್ಲಿ ಕೊಡಿಸಿದ ಹೊಸ ಗಿಟಾರು. ಮೊದಲನೆಯ ವಾರ ಬೆಳಗಿನಿಂದ ಬೈಗಿನವರೆಗೆ ಅದರದೇ ಸದ್ದು. ಎರಡನೆಯ ವಾರ ದಿನಕ್ಕೆ ಅರ್ಧ ಗಂಟೆ. ಮೂರನೆಯ ವಾರ ಅದು ಅಟ್ಟವನ್ನೇರಿ ಭತ್ತದ ಚೀಲಗಳ ಪಕ್ಕಕ್ಕೆ ಮಲಗಿತು. ಕೇಳಿದುದಕ್ಕೆ ಹುಡುಗನು ಎಡಗೈಯ ಬೆರಳ ತುದಿಗಳನ್ನು ತೋರಿಸಿ, "ಅಜ್ಜಾ, ಬೆರಳು ಉರೀತಾವ, ತಂತಿ ಒತ್ತಾಕ ಆಗೂದಿಲ್ಲ" ಎಂದನು. ನಾವು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಹೇಳಿದವರು. ಇಂತಹ ಸಂದರ್ಭಕ್ಕೆ ನಮ್ಮ ಬಾಯಲ್ಲಿ ಮಾತು ಸಿದ್ಧವಾಗಿಯೇ ಇರುತ್ತದೆ. ಅಭ್ಯಾಸದ ಮಹಿಮೆ, ಆಲಸ್ಯದ ದೋಷ, ಏಕಲವ್ಯ, ಅರ್ಜುನ, ಎಲ್ಲರೂ ಬಂದುಹೋದರು. ಹುಡುಗನು ತಲೆ ತಗ್ಗಿಸಿ ಕೇಳಿ, ಮರುಮಾತಾಡದೆ ಕಾಲುವೆಯ ದಂಡೆಯ ಕಡೆಗೆ ಹೊರಟುಹೋದನು. ಅವನಲ್ಲಿ ಸೋಮಾರಿತನವು ನೆಲೆಸಿದೆಯೆಂದು ಅವನ ಅಜ್ಜಿಯ ಮುಂದೆಯೂ ನಾವು ಹೇಳಿದೆವು.

ಎರಡು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ವಿದ್ಯುತ್ತು ಹೋಗಿ, ಸೆಕೆಗೆ ನಿದ್ರೆ ಬಾರದೆ, ನಾವೇ ಅಟ್ಟದಿಂದ ಆ ವಾದ್ಯವನ್ನು ಇಳಿಸಿಕೊಂಡು ಒಂದು ತಂತಿಯನ್ನು ಮೇರುವಿನ ಪಕ್ಕದ ಮೊದಲನೆಯ ಮೆಟ್ಟಿಲಲ್ಲಿ ಒತ್ತಿ ನೋಡಿದೆವು. ಸದ್ದು ಬರಲಿಲ್ಲ. ಬಲವಾಗಿ ಒತ್ತಿದೆವು, ಸತ್ತ ಸದ್ದೊಂದು ಬಂದಿತು, ಬೆರಳಿನಲ್ಲಿ ಗೀರು ಮೂಡಿತು. ಹೊಲದಲ್ಲಿ ಗುದ್ದಲಿ ಹಿಡಿದು ಮರಗಟ್ಟಿದ ನಮ್ಮ ಬೆರಳಿಗೇ ಇಷ್ಟಾದರೆ ಹುಡುಗನ ಬೆರಳಿನ ಪಾಡೇನು? ಅಂದಿನಿಂದ ಈ ವಿಷಯದಲ್ಲಿ ನಾವು ಓದಿದ್ದು, ಕೇಳಿದ್ದು, ಕೈಯಾರೆ ಮಾಡಿ ಕೆಡಿಸಿದ್ದು ಎಲ್ಲವನ್ನೂ ವಾಚಕರ ಮುಂದಿಡುತ್ತೇವೆ.

ಪ್ರಥಮತಃ ತಿಳಿಯತಕ್ಕದ್ದೇನೆಂದರೆ, ಗಿಟಾರಿನಲ್ಲಿ ಎರಡು ಜಾತಿಗಳುಂಟು. ಒಂದು ಸ್ಪೇನ್ ದೇಶದ ಸಂಪ್ರದಾಯದ್ದು. ಅಂತೋನಿಯೊ ದೆ ತೋರೆಸ್ ಎಂಬ ಶಿಲ್ಪಿಯು (1817-1892) ಅದರ ಒಡಲನ್ನು ಹಿಗ್ಗಿಸಿ ಈಗಿನ ರೂಪಕ್ಕೆ ತಂದನು. ಫ್ರಾನ್ಸಿಸ್ಕೊ ತಾರೆಗಾ (1852-1909) ಅದನ್ನು ನುಡಿಸುವ ಕ್ರಮವನ್ನು ನೆಲೆಗೊಳಿಸಿದನು. ಇದಕ್ಕೆ ಹಿಂದೆ ಕರುಳಿನ ತಂತಿಗಳಿದ್ದುವು. ಎರಡನೆಯ ಮಹಾಯುದ್ಧದ ತರುವಾಯ ನೈಲಾನ್ ಬಂದಿತು. ಮತ್ತೊಂದು ಜಾತಿ ಉಕ್ಕಿನ ತಂತಿಯದು. ನೋಡುವುದಕ್ಕೆ ಅಣ್ಣತಮ್ಮಂದಿರಂತಿದ್ದರೂ ಸ್ವಭಾವ ಬೇರೆ. ನೈಲಾನಿನ ಆರು ತಂತಿಗಳನ್ನು ಶ್ರುತಿಗೆ ಏರಿಸಿದಾಗ ಅವು ಒಟ್ಟಿಗೆ ಎಳೆಯುವ ಬಲ ಸುಮಾರು 40 ಕಿಲೋಗ್ರಾಮಿನ ಭಾರಕ್ಕೆ ಸಮ. ಸಾಮಾನ್ಯ ಉಕ್ಕಿನ ತಂತಿಗಳಾದರೆ 70 ಕಿಲೋಗ್ರಾಮನ್ನು ಮೀರುತ್ತದೆ. ಆದಕಾರಣ ನೈಲಾನಿನ ಗಿಟಾರಿಗೆ ಉಕ್ಕಿನ ತಂತಿಯನ್ನು ಸರ್ವಥಾ ಹಾಕಕೂಡದು. ಕುದುರೆಯು ಕಿತ್ತು ಬರುವುದು, ಇಲ್ಲವೆ ಮೇಲುಹಲಗೆ ಉಬ್ಬುವುದು. ಬೆರಳಿನಿಂದ ಮೀಟಿ ನುಡಿಸಲು ಬಯಸುವ ಹೊಸಬನಿಗೆ, ಅದರಲ್ಲಿಯೂ ಮಕ್ಕಳಿಗೆ, ನೈಲಾನಿನದೇ ಲೇಸು. ನಮ್ಮ ಅಳಿಯನು ಇದೊಂದನ್ನೂ ಅರಿಯದೆ, ಹೊಳಪು ಚೆನ್ನಾಗಿದೆಯೆಂದು ಉಕ್ಕಿನದನ್ನು ತಂದಿದ್ದನು. ಅಂಗಡಿಯವನು ಕೇಳದವರಿಗೆ ಹೇಳಲಿಲ್ಲ.

ಆದರೆ ಹುಡುಗನ ಬೆರಳುರಿಗೆ ಉಕ್ಕೊಂದೇ ಕಾರಣವಾಗಿರಲಿಲ್ಲ. ತಂತಿಯು ಮೆಟ್ಟಿಲುಗಳಿಂದ ಎಷ್ಟು ಎತ್ತರದಲ್ಲಿದೆಯೆಂಬುದೇ ಇಲ್ಲಿಯ ಮರ್ಮ. ಇದನ್ನು ಅಳೆಯುವುದು ಹನ್ನೆರಡನೆಯ ಮೆಟ್ಟಿಲಿನ ಮೇಲೆ. ಉಕ್ಕಿನ ಗಿಟಾರಿನಲ್ಲಿ ದಪ್ಪ ತಂತಿಯ ಕೆಳಗೆ ಸುಮಾರು ಎರಡೂವರೆ ಮಿಲಿಮೀಟರು, ಸಣ್ಣ ತಂತಿಯ ಕೆಳಗೆ ಸುಮಾರು ಎರಡು ಇದ್ದರೆ ಸುಖ. ನೈಲಾನಿನದರಲ್ಲಿ ತಂತಿಯು ಅಗಲವಾಗಿ ಕಂಪಿಸುವುದರಿಂದ ದಪ್ಪದ ಕೆಳಗೆ ನಾಲ್ಕು, ಸಣ್ಣದರ ಕೆಳಗೆ ಮೂರು. ನಾವು ಶಾಲೆಯ ಅಳತೆಪಟ್ಟಿಯಿಂದ ನೋಡಲಾಗಿ, ಆ ಉಕ್ಕಿನ ವಾದ್ಯದಲ್ಲಿ ದಪ್ಪದ ಕೆಳಗೆ ನಾಲ್ಕು, ಸಣ್ಣದರ ಕೆಳಗೆ ಮೂರೂವರೆ! ಮೇರುವಿನ ಗಾಡಿಗಳೂ ಆಳವಿಲ್ಲದೆ ತಂತಿಯು ಅಲ್ಲಿಯೂ ಎದ್ದೇ ನಿಂತಿದ್ದಿತು. ಹುಡುಗನು ಹೇಳಿದ್ದು ಅಕ್ಷರಶಃ ನಿಜ. ಅದನ್ನು ಒತ್ತಲು ಬರುತ್ತಿರಲಿಲ್ಲ.

ಇಲ್ಲಿ ವಿಷಯವನ್ನು ಬಿಟ್ಟು ಒಂದು ಮಾತು ಹೇಳಬೇಕಾಗಿದೆ. ಬಹಳ ವರ್ಷಗಳ ಹಿಂದೆ ನಮ್ಮ ತರಗತಿಯ ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗನಿದ್ದನು. ಹಲಗೆಯ ಮೇಲೆ ಬರೆದುದನ್ನು ಅವನು ಎಂದೂ ಸರಿಯಾಗಿ ಇಳಿಸಿಕೊಳ್ಳುತ್ತಿರಲಿಲ್ಲ. ಲಕ್ಷ್ಯವಿಲ್ಲದವನೆಂದು ನಿರ್ಣಯಿಸಿ ಅವನನ್ನು ಇಡೀ ಒಂದು ವರ್ಷ ಗೋಡೆಗೆ ನಿಲ್ಲಿಸಿದೆವು. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ. ಎಷ್ಟೋ ಕಾಲದ ಮೇಲೆ ಗಂಗಾವತಿಯ ಅಕ್ಕಿಯ ಗಿರಣಿಯೊಂದರಲ್ಲಿ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡ ಒಬ್ಬಾತನು ಲೆಕ್ಕದ ಪುಸ್ತಕದಿಂದ ತಲೆಯೆತ್ತಿ, ನಮ್ಮನ್ನು ಗುರುತಿಸಿ, ಎದ್ದು ಬಂದು ಕಾಲು ಮುಟ್ಟಿದನು. ಕನ್ನಡಕದ ವಿಚಾರವನ್ನು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಅಟ್ಟದಿಂದಿಳಿಸಿದ ಗಿಟಾರಿನ ಮೇಲೆ ಅಳತೆಪಟ್ಟಿಯನ್ನಿಟ್ಟ ಆ ಮಧ್ಯಾಹ್ನ ನಮಗೆ ಆ ಮುಖವೇ ಕಾಣತೊಡಗಿತು.

ಇರಲಿ. ತಂತಿಯ ಎತ್ತರವನ್ನು ತಗ್ಗಿಸುವ ಉಪಾಯವೇನೆಂದರೆ, ಕುದುರೆಯ ಗಾಡಿಯಲ್ಲಿ ಎಲುಬಿನದೋ ಪ್ಲಾಸ್ಟಿಕ್ಕಿನದೋ ಒಂದು ಪಟ್ಟಿ ಕುಳಿತಿರುತ್ತದೆ. ತಂತಿಗಳನ್ನು ಸಡಿಲಿಸಿದರೆ ಅದು ಕೈಗೆ ಬರುವುದು. ಅದರ ಅಡಿಯನ್ನು, ಎಂದರೆ ತಂತಿ ತಾಗದ ಮಗ್ಗುಲನ್ನು, ಗಾಜಿನ ಮೇಲೆ ಹಾಸಿದ ಉಜ್ಜುಕಾಗದದಲ್ಲಿ ಸವೆಯಿಸಬೇಕು. ಎಷ್ಟು? ಹನ್ನೆರಡನೆಯ ಮೆಟ್ಟಿಲು ತಂತಿಯ ನಟ್ಟನಡುವೆ ಇರುವುದರಿಂದ, ಅಲ್ಲಿ ಒಂದು ಮಿಲಿಮೀಟರು ಇಳಿಯಬೇಕಾದರೆ ಕುದುರೆಯಲ್ಲಿ ಎರಡು ಮಿಲಿಮೀಟರು ಸವೆಯಬೇಕು. ಎಂಟನೆಯ ತರಗತಿಯ ಹುಡುಗನಿಗೂ ತಿಳಿಯುವ ತ್ರಿಕೋನದ ಲೆಕ್ಕವಿದು. ಒಂದೇ ಸಲಕ್ಕೆ ಪೂರ್ಣ ಇಳಿಸುವ ಧೈರ್ಯವಿಲ್ಲದೆ ನಾವು ಎರಡು ಮಿಲಿಮೀಟರು ತೆಗೆಯುವುದೆಂದು ಗೆರೆ ಎಳೆದು ಉಜ್ಜಿದೆವು. ಲೆಕ್ಕವು ಸರಿಯಾಗಿದ್ದಿತು, ಕೈ ಸರಿಯಾಗಿರಲಿಲ್ಲ. ಸಣ್ಣ ತಂತಿಯ ಕಡೆಗೆ ಭಾರ ಬಿದ್ದು, ಅಲ್ಲಿ ಗೆರೆಯನ್ನು ಒಂದೂವರೆ ಮಿಲಿಮೀಟರು ಮೀರಿ ಸವೆಯಿತು. ತಂತಿ ಕಟ್ಟಿದಾಗ ಐದು ತಂತಿಗಳು ಹಿತವಾಗಿ ನುಡಿದುವು; ಮೊದಲನೆಯದು ಮಾತ್ರ ಜೀರುಂಡೆಯಂತೆ ಜುಂಯೆಂದಿತು. ಹಳೆಯ ಉತ್ತರಪತ್ರಿಕೆಯ ಹಾಳೆಯೊಂದನ್ನು ಮಡಿಸಿ ಮಡಿಸಿ ಆ ಕಡೆಯ ಪಟ್ಟಿಯ ಅಡಿಗೆ ಇಟ್ಟ ಮೇಲೆ ಜೀರುಂಡೆಯು ಸುಮ್ಮನಾಯಿತು. ವಾಚಕರು ಈ ಕೆಲಸವನ್ನು ತಾವೇ ಮಾಡುವುದಾದರೆ ಸ್ವಲ್ಪ ಸ್ವಲ್ಪವೇ ಉಜ್ಜಿ, ಪ್ರತಿಸಲವೂ ತಂತಿ ಕಟ್ಟಿ ನೋಡುವುದೊಳ್ಳೆಯದು. ಮೇರುವಿನ ಗಾಡಿಯನ್ನು ಮಾತ್ರ ಬಲ್ಲವರ ಕೈಗೆ ಬಿಡಬೇಕು. ಅಲ್ಲಿ ಕೂದಲೆಳೆಯಷ್ಟು ಹೆಚ್ಚಾದರೂ ಕೆಟ್ಟಿತು. ಇದಾವುದೂ ಬೇಡವೆನ್ನುವವರು ತೆಳುವಾದ ತಂತಿಗಳನ್ನು ಹಾಕಿಸಿ, ಶ್ರುತಿಯನ್ನು ಒಂದು ಪೂರ್ಣ ಸ್ವರದಷ್ಟು ಇಳಿಸಿಕೊಂಡರೂ ಬೆರಳಿಗೆ ಬಹಳ ಉಪಶಮನವಾಗುತ್ತದೆ.

ಮೆಟ್ಟಿಲುಗಳ ಮಾತು ಬಂದುದರಿಂದ ನಮ್ಮ ಸೀಮೆಯ ಹಿರಿಮೆಯೊಂದನ್ನು ಹೇಳದೆ ಮುಂದುವರಿಯಲಾರೆವು. ಗಿಟಾರಿನ ಕತ್ತಿನ ಮೇಲೆ ಒಂದು ಸ್ಥಾಯಿಗೆ ಹನ್ನೆರಡು ಮೆಟ್ಟಿಲು, ಎಲ್ಲವೂ ಅಚಲ. ಯಾವ ರಾಗಕ್ಕೂ ಕದಲಿಸಬೇಕಾದುದಿಲ್ಲ. ಇದು ಪರದೇಶದವರ ಕಲ್ಪನೆಯೆಂದು ಅನೇಕರು ತಿಳಿದಿದ್ದಾರೆ. ಇಲ್ಲಿಗೆ ಸಮೀಪದ ಆನೆಗುಂದಿಯ ಆಚೆ ದಡದಲ್ಲಿ, ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ, 1550ರಲ್ಲಿ ರಾಮಾಮಾತ್ಯನು ಸ್ವರಮೇಲಕಲಾನಿಧಿಯೆಂಬ ಸಂಸ್ಕೃತಗ್ರಂಥವನ್ನು ರಚಿಸಿದನು. ಅದರಲ್ಲಿ ವೀಣೆಗೊಂದು ಪ್ರಕರಣವೇ ಮೀಸಲು. ಒಂದೊಂದು ರಾಗಕ್ಕೆ ಮೆಟ್ಟಿಲನ್ನು ಬೇರೆಯಾಗಿ ಕೂಡಿಸುವ ವೀಣೆಯೊಂದು, ಎಲ್ಲ ರಾಗಗಳಿಗೂ ಒದಗುವಂತೆ ಮೆಟ್ಟಿಲನ್ನು ನಿಲ್ಲಿಸಿದ ವೀಣೆ ಮತ್ತೊಂದು ಎಂದು ಅವನು ವಿಂಗಡಿಸಿ, ಒಂದು ತಂತಿಗೆಂದು ಕೂಡಿಸಿದ ಮೆಟ್ಟಿಲು ಪಕ್ಕದ ತಂತಿಗಳಲ್ಲಿ ಯಾವ ಯಾವ ಸ್ವರವನ್ನು ಕೊಡುವುದೆಂಬುದನ್ನು ಕ್ರಮವಾಗಿ ವಿಚಾರಮಾಡಿದ್ದಾನೆ. ಗಿಟಾರಿನ ಕತ್ತನ್ನು ಹಿಡಿದ ಪ್ರತಿಯೊಬ್ಬ ಹುಡುಗನೂ ಬಿಡಿಸಬೇಕಾದ ಒಗಟು ಇದೇ ಅಲ್ಲವೆ! ಅವನಿಗೂ ನೂರು ವರ್ಷ ಮೊದಲು, ಹದಿನೈದನೆಯ ಶತಮಾನದಲ್ಲಿ, ಅದೇ ರಾಜ್ಯದಲ್ಲಿದ್ದ ಕಲ್ಲಿನಾಥನು ಶಾರ್ಙ್ಗದೇವನ ಸಂಗೀತರತ್ನಾಕರಕ್ಕೆ ವ್ಯಾಖ್ಯಾನ ಬರೆದನು. ಆ ರತ್ನಾಕರದ ವಾದ್ಯಾಧ್ಯಾಯದಲ್ಲಿ ವೈಣಿಕನ ಬಲಗೈಯ ವ್ಯಾಪಾರ, ಎಡಗೈಯ ವ್ಯಾಪಾರ, ಎರಡೂ ಕೈಗಳು ಕೂಡಿ ಮಾಡುವ ವ್ಯಾಪಾರ ಎಂದು ವಿಭಾಗವಿದೆ. ಹದಿಮೂರನೆಯ ಶತಮಾನದ ಈ ವಿಭಾಗವನ್ನೇ ಹಿಡಿದು ನಾವು ಗಿಟಾರನ್ನು ವಿವರಿಸಿದರೆ ಯಾರೂ ತಪ್ಪೆನ್ನಲಾರರು.

ವೀಣೆಗೂ ಗಿಟಾರಿಗೂ ಇರುವ ಭೇದವನ್ನೂ ಹೇಳಬೇಕು. ವೀಣೆಯ ಮೆಟ್ಟಿಲನ್ನು ಮೇಣದಲ್ಲಿ ಕೂಡಿಸುವರು. ಕಿವಿಯೇ ಅದಕ್ಕೆ ಪ್ರಮಾಣ. ಗಿಟಾರಿನದನ್ನು ಗಣಿತವು ಕೂಡಿಸುತ್ತದೆ. ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮೇರುವಿನಿಂದ ಮೊದಲನೆಯ ಮೆಟ್ಟಿಲಿನ ದೂರ ಬರುವುದು. ಉಳಿದ ಉದ್ದವನ್ನು ಪುನಃ ಹಾಗೆಯೇ ಭಾಗಿಸಿದರೆ ಎರಡನೆಯದು. ಸ್ಪೇನಿನ ಗಿಟಾರಿನಲ್ಲಿ ಉದ್ದವು ಪ್ರಾಯಶಃ 650 ಮಿಲಿಮೀಟರು. ಮೊದಲನೆಯ ಮೆಟ್ಟಿಲು ಮೂವತ್ತಾರೂವರೆಯಲ್ಲಿ, ಹನ್ನೆರಡನೆಯದು ಸರಿಯಾಗಿ 325ರಲ್ಲಿ. ಹೀಗೆ ಹನ್ನೆರಡು ಅಂತರಗಳೂ ಸಮಾನವಾಗುವುದರಿಂದ ನಮ್ಮ ಶುದ್ಧ ಗಾಂಧಾರದ ಮಾಧುರ್ಯವು ಅಲ್ಲಿ ಒಂದಿಷ್ಟು ಮಾಸುತ್ತದೆಂಬುದು ನಿಜ. ತಂಬೂರಿಯೊಡನೆ ನುಡಿಸಿದರೆ ಕಿವಿಯಿದ್ದವರಿಗೆ ಗೊತ್ತಾಗುತ್ತದೆ. ಗಮಕಕ್ಕೂ ಅವಕಾಶ ಕಡಿಮೆ. ಅದನ್ನು ಗಳಿಸಲೆಂದೇ ಕೆಲವರು ಗಿಟಾರನ್ನು ಮಡಿಲಲ್ಲಿ ಮಲಗಿಸಿ ಉಕ್ಕಿನ ಕೋಲನ್ನು ಜಾರಿಸುವರು. ಹವಾಯಿಯಿಂದ ಬಂದ ಈ ಪದ್ಧತಿಯನ್ನು ಹಿಂದುಸ್ತಾನಿ ಸಂಗೀತಕ್ಕೆ ಒಗ್ಗಿಸಿದ ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಿತು. ನಮ್ಮ ಗೋಟುವಾದ್ಯವೂ ಇದೇ ಬಗೆಯದು. ಆ ಪದ್ಧತಿಯ ವಿಚಾರ ಬೇರೆ; ಅದಕ್ಕೆ ಇಲ್ಲಿ ಸ್ಥಳವಿಲ್ಲ.

ಈಗ ಕೈಗಳ ವ್ಯಾಪಾರ. ಕುರ್ಚಿಯ ಮುಂಭಾಗದಲ್ಲಿ ಕುಳಿತು, ಎಡಗಾಲಿನ ಕೆಳಗೆ ಒಂದು ಗೇಣಿಗಿಂತ ಕಡಿಮೆ ಎತ್ತರದ ಮಣೆಯನ್ನಿಟ್ಟು, ವಾದ್ಯದ ನಡುವನ್ನು ಎಡತೊಡೆಯ ಮೇಲೆ ಊರಿಸಿ, ಬಿರಡೆಗಳಿರುವ ತಲೆಯು ಕಣ್ಣಿನ ಮಟ್ಟಕ್ಕೆ ಬರುವಂತೆ ಓರೆಯಾಗಿ ಹಿಡಿಯತಕ್ಕದ್ದು. ಊಟದ ಮಣೆಯನ್ನು ಗೋಡೆಗೆ ಒರಗಿಸಿಟ್ಟು ಕುರ್ಚಿಯಲ್ಲಿ ಉಣ್ಣುವ ಮನೆಗಳಲ್ಲಿ ಆ ಮಣೆಗೆ ಹೀಗೊಂದು ಉದ್ಯೋಗ ದೊರೆತಂತಾಯಿತು. ವಾದ್ಯವು ತೊಡೆ, ಎದೆ, ಬಲ ಮುಂದೋಳು ಇವುಗಳ ಆಧಾರದಲ್ಲಿಯೇ ನಿಲ್ಲಬೇಕು. ಎಡಗೈಯನ್ನು ಬಿಟ್ಟರೂ ಬೀಳಬಾರದು. ಎಡಗೈಯಿಂದ ಕತ್ತನ್ನು ಎತ್ತಿ ಹಿಡಿದಿರುವವನು ಎಷ್ಟು ವರ್ಷ ನುಡಿಸಿದರೂ ಬೆರಳು ಹರಿಯುವುದಿಲ್ಲ. ಹೊರೆ ಹೊತ್ತವನು ಓಡಲಾರನಷ್ಟೆ.

ಎಡಗೈಯ ಹೆಬ್ಬೆರಳು ಕತ್ತಿನ ಹಿಂದೆ, ನಡುಬೆರಳಿಗೆ ಎದುರಾಗಿ, ಮೆಲ್ಲನೆ ಒರಗಿರಲಿ. ಬೆರಳಿನ ತುದಿಯಿಂದ, ಉಗುರನ್ನು ಚೆನ್ನಾಗಿ ಕತ್ತರಿಸಿಕೊಂಡು, ಮೆಟ್ಟಿಲಿನ ಬೆನ್ನಿಗೇ, ಎಂದರೆ ಮೇರುವಿನ ಕಡೆಯಿಂದ ಅದಕ್ಕೆ ತೀರ ಸಮೀಪದಲ್ಲಿ ಒತ್ತಬೇಕು. ಎರಡು ಮೆಟ್ಟಿಲುಗಳ ನಡುವೆ ಒತ್ತಿದರೆ ಇಮ್ಮಡಿ ಬಲ ಬೇಕೆನಿಸುವುದು, ಸ್ವರವೂ ಕದಡುವುದು. ನಮಗೆ ಬಹಳ ಉಪಕಾರವಾದ ಒಂದು ಅಭ್ಯಾಸವನ್ನು ಹೇಳುತ್ತೇವೆ. ಬೆರಳನ್ನು ತಂತಿಯ ಮೇಲೆ ಸುಮ್ಮನೆ ಇಟ್ಟು ಬಲಗೈಯಿಂದ ಮೀಟುತ್ತಿರಿ. ಮೊದಲು ಮೊಂಡು ಸದ್ದು ಬರುವುದು. ಮೀಟುತ್ತಲೇ ಒತ್ತಡವನ್ನು ಎಳ್ಳೆಳ್ಳಷ್ಟೇ ಹೆಚ್ಚಿಸಿರಿ. ಗರಗರವೆನ್ನುವುದು, ತರುವಾಯ ಥಟ್ಟನೆ ಸ್ವರವು ತಿಳಿಯಾಗುವುದು. ಆ ತಿಳಿಯಾದ ಸ್ಥಳದಲ್ಲಿಯೇ ನಿಲ್ಲಿರಿ. ಬೇಕಾದ ಬಲವು ಇಷ್ಟೇ. ಹೊಸಬರೆಲ್ಲರೂ ಇದಕ್ಕೆ ಮೂರು ನಾಲ್ಕು ಪಟ್ಟು ಹಿಂಡುವರು. ನಮ್ಮ ಮೊಮ್ಮಗನು ವಾದ್ಯದ ದೋಷದಿಂದ ಹಿಂಡಲೇಬೇಕಾಗಿದ್ದಿತು, ವಾದ್ಯವು ಸರಿಹೋದ ಮೇಲೆಯೂ ಕೆಲವು ದಿನ ಅಭ್ಯಾಸಬಲದಿಂದ ಹಿಂಡುತ್ತಿದ್ದನು.

ಬಲಗೈಯಲ್ಲಿ ಹೆಬ್ಬೆರಳಿಗೆ ಮೂರು ದಪ್ಪ ತಂತಿಗಳು. ತೋರುಬೆರಳು, ನಡುಬೆರಳು, ಉಂಗುರಬೆರಳುಗಳಿಗೆ ಕ್ರಮವಾಗಿ ಮೂರನೆಯ, ಎರಡನೆಯ, ಮೊದಲನೆಯ ತಂತಿಗಳು. ಕಿರುಬೆರಳಿಗೆ ಕೆಲಸವಿಲ್ಲ. ಪುಸ್ತಕಗಳಲ್ಲಿ ಇವನ್ನು ಪಿ, ಐ, ಎಂ, ಎ ಎಂಬ ಅಕ್ಷರಗಳಿಂದ ಸೂಚಿಸುವರು. ಅವು ಪುಲ್ಗಾರ್, ಇಂದಿಸೆ, ಮೇದಿಯೊ, ಅನುಲಾರ್ ಎಂಬ ಸ್ಪೇನಿನ ಹೆಸರುಗಳ ಮೊದಲಕ್ಷರಗಳು. ಅವರ ಮೇದಿಯೊ ನಮ್ಮ ಮಧ್ಯಮಾ ಶಬ್ದದ ದಾಯಾದಿಯೆಂಬುದನ್ನು ಕಂಡು ನಮಗೆ ದೂರದ ನೆಂಟನನ್ನು ಸಂತೆಯಲ್ಲಿ ಕಂಡಷ್ಟು ಸಂತೋಷವಾಯಿತು. ಉಂಗುರದ ಬೆರಳಿಗೆ ಅವರು ಉಂಗುರದಿಂದಲೇ ಹೆಸರಿಟ್ಟರು. ನಮ್ಮ ಹಿರಿಯರು ಅದಕ್ಕೆ ಹೆಸರೇ ಇಲ್ಲವೆಂದು ಅನಾಮಿಕೆಯೆಂದರು. ಮೊದಲಿನ ತಿಂಗಳುಗಳಲ್ಲಿ ಆ ಬೆರಳು ಹೇಳಿದಂತೆ ಕೇಳದಿರುವುದನ್ನು ನೋಡಿದರೆ ನಮ್ಮವರ ಮಾತೇ ಸರಿಯೆಂದು ತೋರುವುದು.

ಮೀಟುವುದರಲ್ಲಿ ಎರಡು ಬಗೆ. ಬೆರಳು ತಂತಿಯನ್ನು ಮೀಟಿ ಮೇಲಿನ ಪಕ್ಕದ ತಂತಿಗೆ ಹೋಗಿ ಒರಗಿ ನಿಲ್ಲುವುದೊಂದು; ಇದನ್ನು ಅಪೊಯಾಂದೊ ಎನ್ನುವರು, ನಾವು ಒರಗುಮೀಟು ಎನ್ನೋಣ. ಪಕ್ಕದ ತಂತಿಯನ್ನು ಮುಟ್ಟದೆ ಅಂಗೈಯ ಕಡೆಗೆ ತೇಲಿಹೋಗುವುದು ಮತ್ತೊಂದು, ತಿರಾಂದೊ, ತೇಲುಮೀಟು. ಹಾಡಿನ ಧಾತುವನ್ನು ಎತ್ತಿ ತೋರಿಸಲು ಒರಗುಮೀಟು ತುಂಬುದನಿ ಕೊಡುತ್ತದೆ. ಹಲವು ತಂತಿಗಳು ಒಟ್ಟಿಗೆ ಗುಂಯ್ಗುಡುತ್ತಿರಬೇಕಾದಲ್ಲಿ ತೇಲುಮೀಟು. ಒಂದೇ ಬೆರಳಿನಿಂದ ಎರಡು ಸಲ ಮೀಟದೆ ತೋರುಬೆರಳು ನಡುಬೆರಳುಗಳನ್ನು ನಡೆಯುವವನ ಎರಡು ಕಾಲುಗಳಂತೆ ಒಂದಾದಮೇಲೊಂದು ಇಡುವುದನ್ನು ಮೊದಲ ದಿನದಿಂದಲೇ ರೂಢಿಸಬೇಕು. ಇಟಲಿಯ ಮೌರೊ ಜೂಲಿಯಾನಿಯು (1781-1829) ಬಲಗೈಗೆಂದೇ 120 ಅಭ್ಯಾಸಗಳನ್ನು ಬರೆದಿಟ್ಟಿದ್ದಾನೆ. ಅವುಗಳಲ್ಲಿ ಎಡಗೈಗೆ ಹೆಚ್ಚಿನ ತೊಡಕಿಲ್ಲ. ಮೊದಲಿನ ಹತ್ತನ್ನು ಒಂದು ವರ್ಷ ನುಡಿಸಿದವನ ಕೈ ಬೇರೆಯೇ ಆಗಿರುತ್ತದೆ.

ಉಗುರಿನಿಂದ ಮೀಟಬೇಕೋ, ಬೆರಳ ಮಾಂಸದಿಂದಲೋ ಎಂಬುದು ಹಳೆಯ ಜಗಳ. ಫರ್ನಾಂದೊ ಸೋರ್ (1778-1839) ಉಗುರು ಸಲ್ಲದೆಂದನು. ಅವನ ಸ್ನೇಹಿತ ದಿಯೋನಿಸಿಯೊ ಅಗ್ವಾದೊ (1784-1849) ಉಗುರೇ ಬೇಕೆಂದನು. ಇಬ್ಬರೂ ಪ್ಯಾರಿಸ್ಸಿನಲ್ಲಿ ಜೊತೆಯಾಗಿದ್ದು, ಜೊತೆಯಾಗಿ ನುಡಿಸುತ್ತಿದ್ದರು. ಇಬ್ಬರು ಸ್ನೇಹಿತರೆಂಬ ಹೆಸರಿನಲ್ಲಿಯೇ ಸೋರನು ಜೋಡಿವಾದನದ ಒಂದು ಕೃತಿಯನ್ನು ರಚಿಸಿದನು. ಈಗಿನ ವಿದ್ವಾಂಸರು ಮಾಂಸವನ್ನೂ ಉಗುರನ್ನೂ ಕೂಡಿಸಿ ಮೀಟುವರು. ಅಡಿಗೆಮನೆ, ದನಕರು, ಹೊಲ ಇವುಗಳನ್ನು ನೋಡಿಕೊಳ್ಳಬೇಕಾದ ಗೃಹಸ್ಥರಿಗೂ ಗೃಹಿಣಿಯರಿಗೂ ಉಗುರು ನಿಲ್ಲುವುದೆಂತು? ಸೋರನ ಪಕ್ಷವನ್ನೇ ಹಿಡಿಯಲಿ.

ಯುಕುಲೇಲಿಗೆ ಬರೋಣ. ಇದು ನಾಲ್ಕೇ ತಂತಿಯ, ಕೂಸಿನಂತಹ ವಾದ್ಯ. 1879ರ ಆಗಸ್ಟ್ ತಿಂಗಳಲ್ಲಿ ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಪೋರ್ಚುಗೀಸರ ಮದೀರಾ ದ್ವೀಪದಿಂದ ಕಬ್ಬಿನ ತೋಟದ ಕೂಲಿಗೆಂದು ಜನರನ್ನು ಹೇರಿಕೊಂಡು ಹವಾಯಿಯ ಹೊನೊಲುಲುವನ್ನು ಮುಟ್ಟಿತು. ಅದರಲ್ಲಿ ಮನುಯೆಲ್ ನೂನೆಸ್ ಮೊದಲಾದ ಮೂವರು ಮರಗೆಲಸದವರಿದ್ದರು. ತಮ್ಮ ಊರಿನ ಪುಟ್ಟ ವಾದ್ಯವನ್ನು ಅವರು ಅಲ್ಲಿಯ ಮರದಲ್ಲಿ ಮಾಡತೊಡಗಿದರು. ಕಲಾಕೌವ ರಾಜನು ಅದನ್ನು ಮೆಚ್ಚಿದನು. ಹೀಗೆ ಕೂಲಿಯವರ ಗಂಟಿನಲ್ಲಿ ಬಂದುದು ಅರಮನೆಯನ್ನು ಸೇರಿತು. ಅದರ ತಂತಿಗಳು ಜಿ, ಸಿ, ಇ, ಎ ಎಂಬ ಸ್ವರಗಳಿಗೆ ಕೂಡಿರುತ್ತವೆ. ನಾವು ಸಿ ಎಂಬುದನ್ನು ಷಡ್ಜವೆಂದು ಹಿಡಿದರೆ ಅವು ಪ, ಸ, ಗ, ಧ. ಮೇಲಿನ ಪಂಚಮದ ತಂತಿಯು ಷಡ್ಜಕ್ಕಿಂತ ತಗ್ಗಿನದಲ್ಲ, ಏರಿನದು. ಇದೇ ಆ ವಾದ್ಯದ ವೈಚಿತ್ರ್ಯ. ವಾಚಕರಲ್ಲಿ ಸಂಗೀತ ಬಲ್ಲವರು ಈಗಾಗಲೇ ಮುಗುಳ್ನಕ್ಕಿರಬೇಕು. ರಿಷಭವೊಂದು ಸೇರಿದರೆ ಇದು ಮೋಹನ, ಹಿಂದುಸ್ತಾನಿಯವರ ಭೂಪಾಲಿ! ಸಿ ತಂತಿಯ ಎರಡನೆಯ ಮೆಟ್ಟಿಲಲ್ಲಿ ರಿಷಭ ದೊರೆಯುತ್ತದೆ. ಎ ತಂತಿಯ ಮೂರನೆಯದರಲ್ಲಿ ಮೇಲಿನ ಷಡ್ಜ. ಆರೋಹಣ ಅವರೋಹಣಗಳಿಗೆ ಎರಡೇ ಎರಡು ಕಡೆ ಒತ್ತಿದರೆ ಸಾಕು, ಉಳಿದುವೆಲ್ಲ ಬಿಡಿ ತಂತಿಗಳೇ. ಸಂಗೀತದ ಗಂಧವಿಲ್ಲದ ನಾವು ಇದನ್ನು ಒಂದು ಸಂಜೆಯಲ್ಲಿ ಕಲಿತೆವು. ಎ ತಂತಿಯ ಆ ಮೂರನೆಯ ಮೆಟ್ಟಿಲನ್ನು ಉಂಗುರಬೆರಳಿನಿಂದ ಒತ್ತಿ ನಾಲ್ಕನ್ನೂ ಒಟ್ಟಿಗೆ ಸವರಿದರೆ ಪಾಶ್ಚಾತ್ಯರ ಸ್ವರಮೇಳವಾಯಿತು, ಭಜನೆಗೆ ಆಧಾರಶ್ರುತಿಯೂ ಆಯಿತು. ಸವರುವುದು ತೋರುಬೆರಳಿನ ಉಗುರಿನಿಂದ ಕೆಳಕ್ಕೆ, ಮೆತ್ತನೆಯ ತುದಿಯಿಂದ ಮೇಲಕ್ಕೆ. ದನಿರಂಧ್ರದ ಮೇಲಲ್ಲ, ಕತ್ತು ಒಡಲನ್ನು ಸೇರುವೆಡೆಯಲ್ಲಿ. ಮೊಳಕೈಯನ್ನು ಬೀಸದೆ ಮಣಿಕಟ್ಟನ್ನು ಮಾತ್ರ ತಿರುಗಿಸಬೇಕು. ಎಂಟು ವರ್ಷದ ಮಕ್ಕಳಿಗೆ ಇದಕ್ಕಿಂತ ಹಿತವಾದ ಮೊದಲ ತಂತೀವಾದ್ಯವನ್ನು ನಾವು ಕಾಣೆವು.

ಅಭ್ಯಾಸದ ಹೊತ್ತಿನ ವಿಚಾರದಲ್ಲಿ ನಮ್ಮ ಹಳೆಯ ಮತವನ್ನು ಬದಲಿಸಬೇಕಾಯಿತು. ಭಾನುವಾರ ಮೂರು ಗಂಟೆ ಕುಳಿತು ವಾರವೆಲ್ಲ ಮುಟ್ಟದಿರುವುದಕ್ಕಿಂತ, ದಿನಕ್ಕೆರಡು ಸಲ ಇಪ್ಪತ್ತು ಇಪ್ಪತ್ತು ನಿಮಿಷ ಕೂಡುವುದೇ ಫಲಕಾರಿ. ಬೆರಳ ತುದಿಯ ಉರಿಯು ಮೂರು ನಾಲ್ಕು ವಾರಗಳಲ್ಲಿ ಚರ್ಮವು ಗಟ್ಟಿಯಾದಂತೆ ಅಡಗುವುದು. ಅದು ಸಹಜ. ಆದರೆ ಮಣಿಕಟ್ಟಿನಲ್ಲಿ, ಮುಂದೋಳಿನಲ್ಲಿ ನೋವು ಬಂದರೆ, ಬೆರಳು ಜೋಮು ಹಿಡಿದರೆ, ಆ ಕ್ಷಣವೇ ವಾದ್ಯವನ್ನು ಕೆಳಗಿಡತಕ್ಕದ್ದು. ಅದನ್ನು ಸಹಿಸಿ ಮುಂದುವರಿಯುವುದು ಶೌರ್ಯವಲ್ಲ. ಜರ್ಮನಿಯ ಶೂಮಾನನು (1810-1856) ಪಿಯಾನೊದ ಹುರುಪಿನಲ್ಲಿ ತನ್ನ ಬಲಗೈಯನ್ನು ಕೆಡಿಸಿಕೊಂಡು ವಾದಕನಾಗದೆ ಹೋದನು. ಕತ್ತನ್ನು ಬಗ್ಗಿಸಿ ಬೆರಳುಗಳನ್ನೇ ನೋಡುತ್ತ ನುಡಿಸುವುದೂ ಕೆಟ್ಟ ರೂಢಿ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಪಂಚಾಕ್ಷರ ಗವಾಯಿಗಳ ಕಾಲದಿಂದ ವಾದ್ಯಗಳನ್ನು ಕಲಿಯುತ್ತ ಬಂದಿದ್ದಾರೆ. ಸ್ವರದ ಸ್ಥಾನವನ್ನು ಬೆರಳು ತಾನೇ ಅರಿಯಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಕಡೆಯ ಹವೆಯ ಬಗ್ಗೆ ಎರಡು ಮಾತು. ಏಪ್ರಿಲ್ ಮೇ ತಿಂಗಳುಗಳಲ್ಲಿ ಇಲ್ಲಿಯ ಒಣಗಾಳಿಗೆ ಮರವು ಕುಗ್ಗಿ ಮೆಟ್ಟಿಲುಗಳ ತುದಿ ಅಂಚಿನಿಂದ ಹೊರಚಾಚಿ ಕೈಗೆ ಗೀರುವುವು, ಮೇಲುಹಲಗೆಯು ಸೀಳುವುದೂ ಉಂಟು. ತಗಡಿನ ಮಾಡಿನ ಕೆಳಗೆ, ಪಡುವಣ ಬಿಸಿಲು ಬಡಿಯುವ ಗೋಡೆಗೆ, ಮೋಟಾರು ಗಾಡಿಯ ಹಿಂದಿನ ಪೆಟ್ಟಿಗೆಯಲ್ಲಿ ವಾದ್ಯವನ್ನಿಡಲಾಗದು. ನಮ್ಮ ಅಟ್ಟವು ಯೋಗ್ಯವಾಗಿದ್ದಿತೆಂದು ನಾವು ಹೇಳುವುದಿಲ್ಲ. ಒಳ್ಳೆಯ ಗಿಟಾರುಗಳ ಬೆನ್ನು ಪಕ್ಕೆಗಳು ಅನೇಕವೇಳೆ ನಮ್ಮ ದೇಶದ ಬೀಟೆಯ ಮರದವು. ಮಲೆನಾಡಿನ ಮಳೆಯಲ್ಲಿ ಬೆಳೆದ ಆ ಮರಕ್ಕೆ ನಮ್ಮ ಬಯಲುಸೀಮೆಯ ಬೇಸಗೆಯು ಹೊಸದು.

ಸರಿಪಡಿಸಿದ ಗಿಟಾರನ್ನು ಹುಡುಗನ ಹಾಸಿಗೆಯ ಪಕ್ಕಕ್ಕೆ ಇಟ್ಟು ನಾವು ಏನನ್ನೂ ಹೇಳಲಿಲ್ಲ. ಮರುದಿನ ಬೆಳಗ್ಗೆ ನಾವು ಕಾಲುವೆಯ ಕಡೆಯಿಂದ ಬರುವಾಗ ಒಳಗಿನಿಂದ ಸದ್ದು ಕೇಳಿಸುತ್ತಿದ್ದಿತು. ಅವನು ತಲೆಯೆತ್ತದೆ, "ಅಜ್ಜಾ, ಈಗ ಒತ್ತಾಕ ಬರ್ತೈತಿ" ಎಂದನು. ನಾವು ಅವನ ಮುಂದೆ ಕುಳಿತು, ಅಂದು ಸೋಮಾರಿಯೆಂದುದು ನಮ್ಮ ತಪ್ಪೆಂದು ಹೇಳಿದೆವು. ಅರುವತ್ತರ ವಯಸ್ಸಿನಲ್ಲಿ ಈ ಮಾತು ನಾಲಿಗೆಗೆ ಬಹಳ ಕಷ್ಟಪಟ್ಟು ಬಂದಿತು. ಹುಡುಗನಿಗೆ ಅದಕ್ಕೆ ಉತ್ತರ ತೋಚದೆ, ಮೊದಲನೆಯ ತಂತಿಯನ್ನು ಮೀಟಿ, ಇದು ಯಾಕೆ ಒಂದಿಷ್ಟು ಬೇರೆಯಾಗಿದೆಯೆಂದು ಕೇಳಿದನು. ಉತ್ತರಪತ್ರಿಕೆಯ ಹಾಳೆಯ ಕಥೆಯನ್ನು ಹೇಳಬೇಕಾಯಿತು.

ಈ ದಸರೆಗೆ ಅವನು ಪುನಃ ಬಂದಿದ್ದನು. ತಂತಿಗಳು ತುಕ್ಕು ಹಿಡಿದಿವೆ, ಬದಲಿಸಬೇಕು. ಹೊಸ ಎಲುಬಿನ ಪಟ್ಟಿಯನ್ನು ತರಿಸುವೆವೆಂದರೆ ಬೇಡವೆನ್ನುತ್ತಾನೆ. ಆ ಮಡಿಸಿದ ಕಾಗದವು ಇನ್ನೂ ಅಲ್ಲಿಯೇ ಇದೆ. ತಂತಿಗಳನ್ನು ಬದಲಿಸುವ ಕ್ರಮವನ್ನು ಮುಂದಿನ ತಿಂಗಳು ಬರೆಯುತ್ತೇವೆ.